ಭೂಕಂಪದ ದೇಶಕ್ಕೆ ಹೊರಟಿದ್ದೀರಾ? ಬೆಂಗಳೂರಿನಲ್ಲಿ ಬ್ಯಾಗ್ ಕಟ್ಟುವಾಗಿನಿಂದ ನೆಲ ನಿಂತ ಮೇಲಿನವರೆಗೆ ಏನೇನು ಮಾಡಬೇಕು

ಜಪಾನ್, ನೇಪಾಳ, ಬಾಲಿ ಎಂದು ಹೊರಡುವ ಬೆಂಗಳೂರಿನವರು ವೀಸಾ, ಹೋಟೆಲ್, ಸಸ್ಯಾಹಾರ ಎಲ್ಲವನ್ನೂ ತಿಂಗಳ ಮುಂಚೆಯೇ ಯೋಚಿಸಿರುತ್ತಾರೆ. ಭೂಕಂಪದ ಬಗ್ಗೆ ಮಾತ್ರ ಯೋಚಿಸಿರುವುದಿಲ್ಲ. ನಮ್ಮೂರಲ್ಲಿ ನೆಲ ಅಲುಗುವುದು ಅಪರೂಪ. ಯಾವತ್ತಾದರೂ ಚೂರು ಕಂಪಿಸಿದರೆ ಅಪಾರ್ಟ್‌ಮೆಂಟಿನವರೆಲ್ಲ ದಡದಡ ಮೆಟ್ಟಿಲಿಳಿದು ರಸ್ತೆಗೆ ಬಂದುಬಿಡುತ್ತಾರೆ. ಟೋಕಿಯೊದ ಹೋಟೆಲಿನಲ್ಲೂ ಹಾಗೇ ಮಾಡಿದರೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ.

ಇನ್ನೊಂದು ತಪ್ಪು ಇದಕ್ಕೆ ಪೂರ್ತಿ ಉಲ್ಟಾ. ಕಂಪನ ನಿಂತ ಮೇಲೆ "ಸದ್ಯ, ಮುಗೀತು" ಎಂದು ಸಮುದ್ರದ ದಂಡೆಯಲ್ಲೇ ಉಳಿದುಬಿಡುವುದು. ಅಲುಗುವಾಗ ಓಡಬಾರದು. ನಿಂತ ಮೇಲೆ ದಂಡೆಯಲ್ಲಿ ನಿಲ್ಲಬಾರದು. ಬಹಳ ಜನ ಎಡವುವುದು ಈ ಕ್ರಮದಲ್ಲೇ. ಆದ್ದರಿಂದ ಕೆಳಗಿನ ಹಂತಗಳನ್ನು ಕ್ರಮದಲ್ಲೇ ಓದಿ. ಉದಾಹರಣೆಗಳು ಹೆಚ್ಚಾಗಿ ಜಪಾನಿನವು. ನೇಪಾಳ ಮತ್ತು ಇಂಡೊನೇಷ್ಯಾದಲ್ಲಿ ಬದಲಾಗುವ ವಿಷಯಗಳು ಕೊನೆಯಲ್ಲಿವೆ.

ಹಂತ 1: ಹೊರಡುವ ಮುಂಚೆ, ಮನೆಯಲ್ಲೇ

ಮೊದಲು ಉಳಿದುಕೊಳ್ಳುವ ಜಾಗ ನೋಡಿ. ಜಪಾನಿನಲ್ಲಿ 1981ರ ಜೂನ್‌ನಲ್ಲಿ ಕಟ್ಟಡಗಳ ಭೂಕಂಪ ನಿಯಮ ಬಿಗಿಯಾಯಿತು. ಅದರ ನಂತರ ಕಟ್ಟಿದ ಕಟ್ಟಡ ಸಿಕ್ಕರೆ ಒಳ್ಳೆಯದು. ದೊಡ್ಡ ಹೋಟೆಲುಗಳಲ್ಲಿ ಇದು ಅಷ್ಟಾಗಿ ಸಮಸ್ಯೆಯಲ್ಲ. ಅಗ್ಗದ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿಯುವವರು ಮಾಲೀಕರಿಗೆ ಒಂದು ಮೆಸೇಜ್ ಹಾಕಿ ಕೇಳಿಬಿಡಿ. ಸಮುದ್ರದ ಪಕ್ಕದ ಊರಾದರೆ, ಹೋಟೆಲಿನಿಂದ ಎತ್ತರದ ಜಾಗಕ್ಕೆ ನಡೆದು ಹೋಗುವ ದಾರಿಯನ್ನು ಮ್ಯಾಪ್‌ನಲ್ಲಿ ಈಗಲೇ ನೋಡಿಕೊಳ್ಳಿ. ಆ ಊರಿನ ಮ್ಯಾಪನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ.

ಆಮೇಲೆ ಬ್ಯಾಗ್. ಇಲ್ಲಿ ಆಗುವ ತಪ್ಪು ಏನೆಂದರೆ ಬೇಕಾದ ಸಾಮಾನೆಲ್ಲ ದೊಡ್ಡ ಸೂಟ್‌ಕೇಸಿನಲ್ಲಿ ಇರುತ್ತದೆ, ಸೂಟ್‌ಕೇಸ್ ಹದಿನೆಂಟನೇ ಮಹಡಿಯಲ್ಲಿ ಇರುತ್ತದೆ, ಲಿಫ್ಟ್ ನಿಂತಿರುತ್ತದೆ. ಹಾಗಾಗಿ ದಿನವೂ ಬೆನ್ನಿಗೆ ಹಾಕಿಕೊಳ್ಳುವ ಚಿಕ್ಕ ಬ್ಯಾಗೇ ಮುಖ್ಯ. ಅದರಲ್ಲಿ ಇವು ಇರಲಿ: ಪಾಸ್‌ಪೋರ್ಟ್ (ಜಪಾನಿನಲ್ಲಿ ಪ್ರವಾಸಿಗರು ಇದನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಎಂಬುದು ಕಾನೂನು ಕೂಡ), ಅದರ ಜೆರಾಕ್ಸ್, ಐದಾರು ದಿನದ ಬಿಪಿ-ಶುಗರ್ ಮಾತ್ರೆ ಮತ್ತು ಡಾಕ್ಟರ ಚೀಟಿ, ಪವರ್ ಬ್ಯಾಂಕ್, ಸಣ್ಣ ಟಾರ್ಚ್, ಸೀಟಿ, ನೀರಿನ ಬಾಟಲ್, ಮಾಸ್ಕ್, ಒಂದು ಜೊತೆ ಕನ್ನಡಕ. ಟಾರ್ಚ್, ಪವರ್ ಬ್ಯಾಂಕ್ ಎಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಪವರ್ ಬ್ಯಾಂಕ್ 20,000 ಎಂಎಎಚ್ ಇದ್ದರೆ ಸಾಕು. ಅದನ್ನು ಚೆಕ್-ಇನ್ ಲಗೇಜಿಗೆ ಹಾಕಿದರೆ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ, ಕೈಚೀಲದಲ್ಲಿಡಿ. ಫೋನಿನ ಟಾರ್ಚ್ ಇದೆಯಲ್ಲ ಅನ್ನಬೇಡಿ. ಕರೆಂಟ್ ಹೋದ ರಾತ್ರಿ ಫೋನಿನ ಚಾರ್ಜ್ ಬೇರೆ ಕೆಲಸಕ್ಕೆ ಬೇಕು.

ತಿಂಡಿಯ ವಿಷಯದಲ್ಲಿ ಒಂದು ಮಾತು. ಉಪ್ಪಿಟ್ಟಿನ ಮಿಕ್ಸ್ ತೆಗೆದುಕೊಂಡು ಹೋದರೆ ಕುದಿಯುವ ನೀರು ಬೇಕು. ಕರೆಂಟ್, ಗ್ಯಾಸ್ ಎರಡೂ ಇಲ್ಲದಾಗ ಅದು ಸಿಗುವುದಿಲ್ಲ. ತೆಳು ಅವಲಕ್ಕಿ ಮತ್ತು ಗೊಜ್ಜಿನ ಪುಡಿ ಒಯ್ಯಿರಿ, ತಣ್ಣೀರಲ್ಲೇ ನೆನೆಯುತ್ತದೆ. ಚಿಕ್ಕಿ, ಹುರಿಗಡಲೆ, ಖರ್ಜೂರವೂ ಇರಲಿ. ಮಾಂಸದ ಪದಾರ್ಥ, ಹಸಿ ಹಣ್ಣು-ತರಕಾರಿ ಮಾತ್ರ ಜಪಾನಿಗೆ ಒಯ್ಯಲು ಹೋಗಬೇಡಿ, ನಿರ್ಬಂಧವಿದೆ.

ನಗದು ಹಣ ಇರಲಿ. ಕರೆಂಟ್ ಹೋದರೆ ಕಾರ್ಡ್ ನಡೆಯುವುದಿಲ್ಲ, ಎಟಿಎಂ ನಿಲ್ಲುತ್ತದೆ. ಸಾವಿರ ಯೆನ್ ನೋಟುಗಳು, ಜೊತೆಗೆ ಸಾರ್ವಜನಿಕ ಫೋನಿಗೆ ಬೇಕಾದ 10 ಮತ್ತು 100 ಯೆನ್ ನಾಣ್ಯಗಳು. ಪ್ರವಾಸದ ವಿಮೆಯಲ್ಲಿ ಪ್ರಕೃತಿ ವಿಕೋಪದ ಖರ್ಚು ಸೇರಿದೆಯೇ ಎಂದು ಓದಿ ನೋಡಿ.

ಕೊನೆಗೆ ಒಂದು ಸಂಜೆ ಮನೆಯವರೆಲ್ಲ ಡೈನಿಂಗ್ ಟೇಬಲ್ ಕೆಳಗೆ ನುಸುಳಿ ಅಭ್ಯಾಸ ಮಾಡಿ. ಸಂಕೋಚ ಬೇಡ. ದೇಹಕ್ಕೆ ಒಮ್ಮೆ ಗೊತ್ತಾದರೆ ಮಾತ್ರ ನಿಜವಾಗಿ ಅಲುಗಿದಾಗ ಕಾಲು ಬಾಗಿಲ ಕಡೆ ಓಡುವುದಿಲ್ಲ.

ಹಂತ 2: ಫೋನನ್ನು ಸಿದ್ಧಮಾಡಿ

ಜಪಾನಿನ ಪ್ರವಾಸೋದ್ಯಮ ಇಲಾಖೆಯ ಮೇಲ್ವಿಚಾರಣೆಯಲ್ಲಿರುವ 'ಸೇಫ್ಟಿ ಟಿಪ್ಸ್' ಎಂಬ ಉಚಿತ ಆಪ್ ಇದೆ. ಇಂಗ್ಲಿಷಿನಲ್ಲಿ ಭೂಕಂಪ, ಸುನಾಮಿ ಎಚ್ಚರಿಕೆ ಕೊಡುತ್ತದೆ. ಬೆಂಗಳೂರಿನಲ್ಲೇ ಹಾಕಿಕೊಳ್ಳಿ. ಹಾಕಿದರೆ ಸಾಲದು, ಲೊಕೇಶನ್ ಮತ್ತು ನೋಟಿಫಿಕೇಶನ್ ಎರಡಕ್ಕೂ ಅನುಮತಿ ಕೊಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಯ ಬಟನ್ ಆನ್ ಆಗಿದೆಯೇ ನೋಡಿ. ಅಲ್ಲಿನ ಎಚ್ಚರಿಕೆ ಮೊಬೈಲ್ ಟವರ್‌ಗಳ ಮೂಲಕ ಬರುತ್ತದೆ. ನಮ್ಮ ಸಿಮ್‌ನಲ್ಲಿ ರೋಮಿಂಗ್ ಮಾಡುವ ಫೋನಿಗೆ ಬಂದೇ ಬರುತ್ತದೆ ಎಂದು ನಂಬಿ ಕೂರಬೇಡಿ. ಆಪ್ ಇರಲೇಬೇಕು.

ಎಚ್ಚರಿಕೆ ಬಂದಾಗ ಫೋನು ಜೋರಾಗಿ ಬಝ್ ಎನ್ನುತ್ತದೆ, "ಜಿಶಿನ್ ದೆಸ್" ಎಂಬ ದನಿ ಬರುತ್ತದೆ. ಜಿಶಿನ್ ಎಂದರೆ ಭೂಕಂಪ. ಸುತ್ತಲಿನ ಫೋನುಗಳೆಲ್ಲ ಒಟ್ಟಿಗೆ ಕೂಗುತ್ತವೆ. ಇದು ಭವಿಷ್ಯ ಹೇಳುವುದಲ್ಲ. ಭೂಕಂಪ ಆಗಲೇ ಶುರುವಾಗಿರುತ್ತದೆ. ಮೊದಲು ತಲುಪುವ ವೇಗದ ಸಣ್ಣ ಅಲೆಯನ್ನು ಯಂತ್ರ ಹಿಡಿದು, ಹಿಂದೆ ಬರುವ ನಿಧಾನದ ದೊಡ್ಡ ಅಲೆ ತಲುಪುವ ಮುಂಚೆ ಸುದ್ದಿ ಮುಟ್ಟಿಸುತ್ತದೆ. ಸಿಗುವುದು ಕೆಲವು ಸೆಕೆಂಡ್, ಹೆಚ್ಚೆಂದರೆ ಹತ್ತಾರು ಸೆಕೆಂಡ್. ಭೂಕಂಪದ ಕೇಂದ್ರದ ಹತ್ತಿರ ಇದ್ದರೆ ಅದೂ ಸಿಗುವುದಿಲ್ಲ. ಫೋನ್ ತೆಗೆದು ಓದುವಷ್ಟು ಸಮಯವಲ್ಲ ಅದು, ಟೇಬಲ್ ಕೆಳಗೆ ಹೋಗುವಷ್ಟು ಮಾತ್ರ.

ಅಲ್ಲಿನ ಟಿವಿಯಲ್ಲಿ ಎರಡು ಸಂಖ್ಯೆ ಕಾಣುತ್ತವೆ. ಮ್ಯಾಗ್ನಿಟ್ಯೂಡ್ ಎಂದರೆ ಭೂಕಂಪದ ಒಟ್ಟು ಬಲ. 'ಶಿಂಡೊ' ಎಂದರೆ ನೀವು ನಿಂತ ಜಾಗದಲ್ಲಿ ಎಷ್ಟು ಅಲುಗಿತು ಎಂಬುದು. ದೀಪಾವಳಿಯ ಪಟಾಕಿ ಒಂದೇ ಆದರೂ ನಿಮ್ಮ ಬೀದಿಯಲ್ಲಿ ಕಿವಿ ಗುಂಯ್ ಎನ್ನುತ್ತದೆ, ನಾಲ್ಕು ಬೀದಿ ಆಚೆ ಢಬ್ ಎಂದು ಮಾತ್ರ ಕೇಳುತ್ತದೆ ಅಲ್ವಾ, ಹಾಗೆ. ನಿಮಗೆ ಬೇಕಾದದ್ದು ಶಿಂಡೊ. 3 ಬಂದರೆ ಒಳಗಿದ್ದವರಲ್ಲಿ ಹೆಚ್ಚಿನವರಿಗೆ ಗೊತ್ತಾಗುತ್ತದೆ, ಗಾಬರಿ ಬೇಡ. 5ಕ್ಕೆ ಏನನ್ನಾದರೂ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. 6 ಬಂದರೆ ನಿಲ್ಲುವುದೇ ಕಷ್ಟ. ಇದರ ಮೇಲ್ಮಿತಿ 7.

ಹಂತ 3: ರೂಮಿಗೆ ಹೋದ ಮೊದಲ ಹತ್ತು ನಿಮಿಷ

ಸುಸ್ತಾಗಿರುತ್ತದೆ, ಗೊತ್ತು. ಆದರೂ ಮಲಗುವ ಮುಂಚೆ ಮಾಡಿ. ಬಾಗಿಲ ಹಿಂದಿನ ನಕ್ಷೆ ನೋಡಿ. ನಿಮ್ಮ ರೂಮಿನಿಂದ ತುರ್ತು ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ಎಣಿಸುತ್ತಾ ನಡೆದು ಬನ್ನಿ. ಕತ್ತಲಲ್ಲಿ ಗೋಡೆ ಸವರಿಕೊಂಡು ಹೋಗಲು ಆ ಎಣಿಕೆಯೇ ದಾರಿ ತೋರಿಸುತ್ತದೆ. ಜಪಾನಿನ ಕಟ್ಟಡಗಳಲ್ಲಿ ಕಾರಿಡಾರಿನ ಬೆಂಕಿ ತಡೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಬಹುದು. ಅದರಲ್ಲೇ ತಳ್ಳಿದರೆ ತೆರೆಯುವ ಚಿಕ್ಕ ಬಾಗಿಲಿರುತ್ತದೆ. ದಾರಿ ಮುಚ್ಚಿತು ಎಂದು ವಾಪಸ್ ತಿರುಗಬೇಡಿ.

ಸೂಟ್‌ಕೇಸನ್ನು ಬಾಗಿಲ ಬಳಿ ನಿಲ್ಲಿಸಬೇಡಿ. ಅಲುಗಿದಾಗ ಅದು ಉರುಳಿ ದಾರಿಗೆ ಅಡ್ಡ ಬೀಳುತ್ತದೆ. ಶೂಗಳನ್ನು ಒಂದು ಕವರಿಗೆ ಹಾಕಿ ಮಂಚದ ಕಾಲಿಗೆ ಕಟ್ಟಿಬಿಡಿ. ಶೂಗಳ ಜೊತೆ ಟಾರ್ಚ್, ಕನ್ನಡಕ. ರಾತ್ರಿಯ ಭೂಕಂಪದಲ್ಲಿ ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ಹೆಜ್ಜೆ ಇಟ್ಟು ಗಾಯವಾಗುವವರು ಬಹಳ. ಹೋಟೆಲಿನ ತೆಳು ಚಪ್ಪಲಿ ಗಾಜು ತಡೆಯುವುದಿಲ್ಲ.

ರಿಸೆಪ್ಶನ್‌ನಲ್ಲಿ "ಹಿನಾಂಜೊ ಎಲ್ಲಿ?" ಎಂದು ಕೇಳಿ. ಅಂದರೆ ಆಶ್ರಯ ಕೇಂದ್ರ. ಸಾಮಾನ್ಯವಾಗಿ ಹತ್ತಿರದ ಶಾಲೆಯಾಗಿರುತ್ತದೆ. ಇಡೀ ಕುಟುಂಬಕ್ಕೆ ಒಂದು ಸೇರುವ ಜಾಗವನ್ನೂ ಆಗಲೇ ನಿಗದಿ ಮಾಡಿಕೊಳ್ಳಿ.

ಹಂತ 4: ನೆಲ ಅಲುಗುವಾಗ

ಮೂರೇ ಕೆಲಸ: ಮಂಡಿಯೂರಿ, ಮರೆಯಾಗಿ, ಹಿಡಿದುಕೊಳ್ಳಿ. ಕೈ-ಮಂಡಿ ನೆಲಕ್ಕೆ ಊರಿ. ಗಟ್ಟಿ ಟೇಬಲಿನ ಕೆಳಗೆ ಹೋಗಿ ತಲೆ-ಕುತ್ತಿಗೆ ಮುಚ್ಚಿಕೊಳ್ಳಿ. ಟೇಬಲಿನ ಕಾಲು ಹಿಡಿದುಕೊಳ್ಳಿ, ಅದು ಸರಿದರೆ ಜೊತೆಗೇ ಸರಿಯಿರಿ. ಟೇಬಲ್ ಇಲ್ಲವೇ? ಕಿಟಕಿ, ಟಿವಿ, ಬೀರುಗಳಿಂದ ದೂರ ಒಳಗೋಡೆಯ ಪಕ್ಕ ಕೂತು ಬ್ಯಾಗನ್ನೋ ದಿಂಬನ್ನೋ ತಲೆ ಮೇಲೆ ಹಿಡಿಯಿರಿ.

ಓಡಬಾರದು ಏಕೆ? ಜೋರಾಗಿ ಅಲುಗುವಾಗ ನಡೆಯಲು ಹೋದವರು ಬೀಳುತ್ತಾರೆ. ಮೆಟ್ಟಿಲಲ್ಲಿ ಬಿದ್ದರೆ ಇನ್ನೂ ಕಷ್ಟ. ಅದಕ್ಕಿಂತ ಮುಖ್ಯ, ಕಟ್ಟಡದ ಗಾಜು, ಟೈಲ್ಸ್, ಬೋರ್ಡ್ ಎಲ್ಲ ಬೀಳುವುದು ಮುಂಬಾಗಿಲ ಹೊರಗೇ. ಒಳಗೆ ಕ್ಷೇಮವಾಗಿದ್ದವರು ಓಡಿ ಹೋಗಿ ಸರಿಯಾಗಿ ಅದರ ಕೆಳಗೆ ನಿಲ್ಲುತ್ತಾರೆ.

ವಾಟ್ಸಾಪಿನಲ್ಲಿ ಓಡಾಡುವ ಎರಡು ಸಲಹೆಗಳನ್ನು ಮರೆತುಬಿಡಿ. ಒಂದು, ಬಾಗಿಲ ಚೌಕಟ್ಟಿನಲ್ಲಿ ನಿಲ್ಲಿ ಎನ್ನುವುದು. ಈಗಿನ ಕಟ್ಟಡಗಳಲ್ಲಿ ಚೌಕಟ್ಟು ಉಳಿದ ಭಾಗಕ್ಕಿಂತ ಗಟ್ಟಿಯಲ್ಲ. ಬಾಗಿಲು ಬಡಿದು ಬೆರಳು ಜಜ್ಜುತ್ತದೆ. ಇನ್ನೊಂದು, ಟೇಬಲ್ ಕೆಳಗೆ ಬೇಡ, ಮಂಚದ ಅಥವಾ ಸೋಫಾದ ಪಕ್ಕ ಮಲಗಿದರೆ ಅಲ್ಲಿ ಉಳಿಯುವ ತ್ರಿಕೋನದ ಜಾಗ ಜೀವ ಉಳಿಸುತ್ತದೆ ಎನ್ನುವುದು. ಭೂಕಂಪದಲ್ಲಿ ಪೀಠೋಪಕರಣ ಒಂದು ಕಡೆ ನಿಲ್ಲುವುದಿಲ್ಲ, ಜಾರುತ್ತದೆ. ಬಹಳಷ್ಟು ಗಾಯ ಆಗುವುದು ಮೇಲಿಂದ ಬೀಳುವ ವಸ್ತುಗಳಿಂದ. ಅದನ್ನು ತಡೆಯುವುದು ತಲೆ ಮೇಲಿನ ಮರೆಯೇ.

ಮಲಗಿದ್ದರೆ ಏಳಬೇಡಿ. ಬೋರಲಾಗಿ ಮಲಗಿ ದಿಂಬನ್ನು ತಲೆ-ಕುತ್ತಿಗೆ ಮೇಲೆ ಒತ್ತಿ ಹಿಡಿಯಿರಿ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಎರಡು ಸಲ ಓದಿ. ಮಂಡಿನೋವಿನವರನ್ನು ನೆಲಕ್ಕೆ ಕೂರಿಸಲು ಎಳೆದಾಡಬೇಡಿ. ಅವರು ಕುರ್ಚಿಯಲ್ಲೇ ಇರಲಿ, ಮುಂದಕ್ಕೆ ಬಾಗಿ ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಳ್ಳಲಿ. ಗಾಲಿಕುರ್ಚಿಯಾದರೆ ಮೊದಲು ಚಕ್ರ ಲಾಕ್ ಮಾಡಿ. ಪಕ್ಕದಲ್ಲೇ ಮಗುವಿದ್ದರೆ ಎಳೆದು ನಿಮ್ಮ ಕೆಳಗೆ ಹಾಕಿಕೊಳ್ಳಿ. ಮಗು ಇನ್ನೊಂದು ರೂಮಿನಲ್ಲಿದ್ದರೆ ಕಂಪನ ನಿಲ್ಲುವವರೆಗೆ ಕೂಗಿ ಧೈರ್ಯ ಹೇಳಿ. ಇದು ಹೆತ್ತವರಿಗೆ ತುಂಬ ಕಷ್ಟದ ಮಾತು. ಆದರೆ ಮಧ್ಯದಲ್ಲಿ ನೀವು ಬಿದ್ದರೆ ಆಮೇಲೆ ಮಗುವನ್ನು ಎತ್ತಿಕೊಳ್ಳುವವರು ಯಾರು? ಅದಕ್ಕೇ ಮಕ್ಕಳಿಗೂ ಮನೆಯಲ್ಲೇ ಅಭ್ಯಾಸ ಮಾಡಿಸಬೇಕು.

ಬೀದಿಯಲ್ಲಿದ್ದರೆ ಬ್ಯಾಗನ್ನು ತಲೆ ಮೇಲಿಟ್ಟುಕೊಂಡು ಗಾಜಿನ ಕಟ್ಟಡ, ಬೋರ್ಡ್, ಕರೆಂಟ್ ಕಂಬ, ವೆಂಡಿಂಗ್ ಮಶೀನುಗಳಿಂದ ದೂರ ಸರಿಯಿರಿ. ಕಾಂಪೌಂಡ್ ಗೋಡೆಗೆ ಒರಗಿ ನಿಲ್ಲಲೇಬೇಡಿ. 2018ರ ಜೂನ್‌ನ ಒಸಾಕಾ ಭೂಕಂಪದಲ್ಲಿ ಶಾಲೆಯೊಂದರ ಕಾಂಕ್ರೀಟ್ ಬ್ಲಾಕ್ ಗೋಡೆ ಕುಸಿದು, ಅದರ ಪಕ್ಕ ನಡೆದು ಹೋಗುತ್ತಿದ್ದ 9 ವರ್ಷದ ಹುಡುಗಿ ತೀರಿಕೊಂಡಳು.

ಲಿಫ್ಟಿನಲ್ಲಿದ್ದರೆ ಎಲ್ಲ ಮಹಡಿಗಳ ಬಟನ್ ಒತ್ತಿ, ಮೊದಲು ನಿಂತಲ್ಲಿ ಇಳಿದುಬಿಡಿ. ಸಿಕ್ಕಿಹಾಕಿಕೊಂಡರೆ ತುರ್ತು ಬಟನ್ ಒತ್ತಿ ಕಾಯಿರಿ, ಬಾಗಿಲು ಕೀಳಲು ಹೋಗಬೇಡಿ. ರೈಲಿನಲ್ಲಿ ಹಿಡಿಕೆ ಗಟ್ಟಿಯಾಗಿ ಹಿಡಿಯಿರಿ. ಶಿಂಕಾನ್ಸೆನ್ (ಬುಲೆಟ್ ರೈಲು) ತಾನಾಗಿ ಬ್ರೇಕ್ ಹಾಕಿಕೊಳ್ಳುತ್ತದೆ. ಸಿಬ್ಬಂದಿ ಹೇಳದೆ ಹಳಿಗೆ ಇಳಿಯಬೇಡಿ. ಕಾರು ಓಡಿಸುತ್ತಿದ್ದರೆ ನಿಧಾನಕ್ಕೆ ಎಡಕ್ಕೆ ನಿಲ್ಲಿಸಿ. ಬಿಟ್ಟು ಹೋಗಬೇಕಾದರೆ ಕೀ ಕಾರಿನಲ್ಲೇ ಇರಲಿ, ಆಂಬುಲೆನ್ಸಿಗೆ ದಾರಿ ಮಾಡಲು ಬೇರೆಯವರು ಸರಿಸಬೇಕಾಗುತ್ತದೆ.

ಎತ್ತರದ ಕಟ್ಟಡದಲ್ಲಿ ಒಂದು ವಿಷಯ ಹೆದರಿಸುತ್ತದೆ. ದೂರದ ದೊಡ್ಡ ಭೂಕಂಪಕ್ಕೂ ಅದು ನಿಧಾನವಾಗಿ, ಬಹಳ ಹೊತ್ತು ತೂಗುತ್ತದೆ. 2011ರ ಮಾರ್ಚ್ 11ರಂದು ಟೋಕಿಯೊದ ಗಗನಚುಂಬಿಗಳು ಹಲವು ನಿಮಿಷ ತೂಗಾಡಿದವು. ಬೀಳುವುದನ್ನು ತಪ್ಪಿಸಲೆಂದೇ ಅವನ್ನು ಬಾಗುವಂತೆ ಕಟ್ಟಿರುತ್ತಾರೆ. ತೂಗುವುದು ನಿಲ್ಲುವವರೆಗೆ ಕೆಳಗೆ ಕೂತೇ ಇರಿ.

ಹಂತ 5: ನಿಂತ ಮೇಲಿನ ಮೊದಲ ನಿಮಿಷಗಳು

ಸಮುದ್ರದ ಹತ್ತಿರ ಇದ್ದರೆ ಇದನ್ನು ಬಿಟ್ಟು ನೇರ ಹಂತ 6ಕ್ಕೆ ಹೋಗಿ.

ಉಳಿದವರು ಮೊದಲು ಶೂ ಹಾಕಿಕೊಳ್ಳಿ. ಎರಡನೆಯದಾಗಿ ರೂಮಿನ ಬಾಗಿಲು ತೆರೆದಿಡಿ. ಮುಂದಿನ ಕಂಪನಕ್ಕೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಕಚ್ಚಿಕೊಂಡುಬಿಡುತ್ತದೆ. ಮೂರನೆಯದು ಬೆಂಕಿ. ಒಲೆ ಉರಿಯುತ್ತಿದ್ದರೆ ಈಗ ಆರಿಸಿ, ಅಲುಗುವಾಗ ಅಲ್ಲ. ಜಪಾನಿನಲ್ಲಿ ಜೋರಾಗಿ ಅಲುಗಿದರೆ ಮನೆಗಳ ಗ್ಯಾಸ್ ಮೀಟರ್ ತಾನಾಗಿ ನಿಲ್ಲುತ್ತದೆ.

ಆಮೇಲೆ ಸುತ್ತ ನೋಡಿ. ಗ್ಯಾಸ್ ವಾಸನೆ, ಹೊಗೆ, ವಾಲಿದ ನೆಲ, ಕಂಬದ ಅಥವಾ ಗೋಡೆಯ ಮೇಲೆ ಇಂಟು ಗುರುತಿನಂಥ ಆಳವಾದ ಬಿರುಕು: ಇವುಗಳಲ್ಲಿ ಒಂದು ಕಂಡರೂ ಮೆಟ್ಟಿಲಿನಿಂದ ಹೊರಗೆ ಬನ್ನಿ. ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಬೇಡಿ. ಇದ್ಯಾವುದೂ ಇಲ್ಲ, ಬರೀ ಗಾರೆ ಉದುರಿದೆ ಎಂದರೆ ಒಳಗೇ ಇದ್ದು ಹೋಟೆಲಿನವರ ಪ್ರಕಟಣೆ ಕೇಳಿ. ಲಿಫ್ಟ್ ಕೆಲಸ ಮಾಡುತ್ತಿದ್ದರೂ ಹತ್ತಬೇಡಿ.

ಅವಶೇಷದಡಿ ಸಿಕ್ಕಿಕೊಂಡರೆ ಕೂಗಿ ಕೂಗಿ ದಣಿಯಬೇಡಿ, ಧೂಳು ಗಂಟಲಿಗೆ ಹೋಗುತ್ತದೆ. ಬಾಯಿಗೆ ಬಟ್ಟೆ ಹಿಡಿದು ಪೈಪನ್ನೋ ಗೋಡೆಯನ್ನೋ ಬಡಿಯಿರಿ, ಸೀಟಿ ಊದಿ.

ಹಂತ 6: ಸಮುದ್ರ ಹತ್ತಿರವಿದ್ದರೆ

ಕಂಪನ ಜೋರಾಗಿತ್ತು, ಅಥವಾ ಮೆಲ್ಲಗಿದ್ದರೂ ಒಂದು ನಿಮಿಷದಷ್ಟು ಹೊತ್ತು ಎಳೆಯಿತು ಎಂದರೆ ಅದೇ ಎಚ್ಚರಿಕೆ. ಸೈರನ್‌ಗೆ ಕಾಯಬೇಡಿ, ಫೋನ್ ನೋಡುತ್ತಾ ನಿಲ್ಲಬೇಡಿ, ಸಾಮಾನಿಗೆ ರೂಮಿಗೆ ವಾಪಸ್ ಹೋಗಬೇಡಿ. ಎತ್ತರಕ್ಕೆ ಹೊರಡಿ. 2024ರ ಜನವರಿ 1ರ ನೋಟೊ ಭೂಕಂಪದಲ್ಲಿ ಹತ್ತಿರದ ದಂಡೆಗೆ ಸುನಾಮಿ ಕೆಲವೇ ನಿಮಿಷಗಳಲ್ಲಿ ತಲುಪಿತು.

ದೂರಕ್ಕಿಂತ ಎತ್ತರ ಮುಖ್ಯ. ಗುಡ್ಡ ದೂರವಿದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೇಲಿನ ಮಹಡಿಗೆ ಹತ್ತಿ. ಅಲೆ ಮತ್ತು ಓಡುವ ಮನುಷ್ಯನ ಚಿತ್ರದ ಫಲಕಗಳು ದಾರಿ ತೋರಿಸುತ್ತವೆ. ನಡೆದೇ ಹೋಗಿ, ಕಾರಿನವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. ನದಿಯ ಪಕ್ಕದ ದಾರಿ ಬೇಡ, ಸುನಾಮಿ ನದಿಯೊಳಗೂ ಮೇಲೇರಿ ಬರುತ್ತದೆ.

ಬೀಚಿನಲ್ಲಿ ಈಜುತ್ತಿರುವವರಿಗೆ ಸೈರನ್ ಕೇಳದೇ ಇರಬಹುದು. ಅದಕ್ಕೆ ಜಪಾನಿನಲ್ಲಿ 2020ರಿಂದ ಒಂದು ಬಾವುಟ ಬಳಸುತ್ತಾರೆ. ಕೆಂಪು-ಬಿಳಿಯ ನಾಲ್ಕು ಚೌಕಗಳಿರುವ ಬಾವುಟ. ಅದನ್ನು ಬೀಸುವುದು ಕಂಡರೆ ತಕ್ಷಣ ನೀರಿನಿಂದ ಹೊರಬಂದು ಎತ್ತರಕ್ಕೆ ಓಡಿ. ಮಕ್ಕಳಿಗೆ ಈ ಬಾವುಟದ ಚಿತ್ರ ತೋರಿಸಿಯೇ ನೀರಿಗೆ ಬಿಡಿ. ಜನ "ನಿಗೆತೆ!" ಎಂದು ಕೂಗಿದರೆ 'ಓಡಿ' ಎಂದರ್ಥ.

ಟಿವಿಯಲ್ಲಿ ಮೂರು ಹಂತದ ಎಚ್ಚರಿಕೆ ಬರುತ್ತದೆ. ಹಳದಿ ಎಂದರೆ ಸುನಾಮಿಯ ಎತ್ತರ 1 ಮೀಟರ್‌ವರೆಗೆ, ಕೆಂಪು 3 ಮೀಟರ್‌ವರೆಗೆ, ನೇರಳೆ ಅದಕ್ಕಿಂತ ಮೇಲೆ. "ಒಂದು ಮೀಟರ್ ತಾನೇ" ಎನ್ನಬೇಡಿ. ಸುನಾಮಿಯ ನೀರು ಸಾಮಾನ್ಯ ಅಲೆಯ ಹಾಗೆ ಬಂದು ಹಿಂದೆ ಸರಿಯುವುದಿಲ್ಲ, ನುಗ್ಗುತ್ತಲೇ ಇರುತ್ತದೆ. ಮೊಣಕಾಲು ಮಟ್ಟದ ನೀರೇ ದೊಡ್ಡವರನ್ನು ಕೆಡವುತ್ತದೆ.

ಸಮುದ್ರ ಹಿಂದೆ ಸರಿದರೆ ಅದು ಅಪಾಯದ ಗುರುತು, ನೋಡಲು ಇಳಿಯಬೇಡಿ. ಸರಿಯಲಿಲ್ಲ ಎಂದರೆ ಸುನಾಮಿ ಇಲ್ಲ ಎಂದೂ ಅಲ್ಲ. ಮೊದಲ ಅಲೆಯೇ ದೊಡ್ಡದಾಗಿರಬೇಕು ಎಂದಿಲ್ಲ, ಗಂಟೆಗಟ್ಟಲೆ ಬರುತ್ತಲೇ ಇರಬಹುದು. ಎಚ್ಚರಿಕೆ ಹಿಂತೆಗೆದುಕೊಂಡರು ಎಂದು ಅಧಿಕೃತವಾಗಿ ಕೇಳುವವರೆಗೆ ಕೆಳಗಿಳಿಯಬೇಡಿ.

ಹಂತ 7: ಬೆಂಗಳೂರಿಗೆ ಸುದ್ದಿ ಮುಟ್ಟಿಸುವುದು

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಆದ ಭೂಕಂಪ ಇಲ್ಲಿ ಮಧ್ಯಾಹ್ನವೇ ಟಿವಿಯಲ್ಲಿ ಬರುತ್ತದೆ. ಚಿಕ್ಕಪ್ಪ, ಅತ್ತೆ, ಆಫೀಸಿನವರು ಎಲ್ಲರೂ ಕರೆ ಮಾಡಿದರೆ ನಿಮ್ಮ ಬ್ಯಾಟರಿ ಅದರಲ್ಲೇ ಮುಗಿಯುತ್ತದೆ. ಹೊರಡುವ ಮುಂಚೆಯೇ ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ. ನೀವು ಅವರಿಗೆ ಮಾತ್ರ ತಿಳಿಸುತ್ತೀರಿ, ಅವರು ಉಳಿದವರಿಗೆ.

ಕರೆ ಬೇಡ, ಮೆಸೇಜ್ ಹಾಕಿ. ಲೈನ್ ಸಿಗದಿದ್ದಾಗಲೂ ಮೆಸೇಜ್ ನುಸುಳಿ ಹೋಗುವ ಸಾಧ್ಯತೆ ಜಾಸ್ತಿ. ಎಲ್ಲಿದ್ದೀರಿ, ಯಾರ ಜೊತೆ, ಪೆಟ್ಟಾಗಿದೆಯೇ, ಮತ್ತೆ ಎಷ್ಟು ಹೊತ್ತಿಗೆ ತಿಳಿಸುತ್ತೀರಿ, ಇಷ್ಟು ಸಾಕು. ದೊಡ್ಡ ವಿಪತ್ತಿನಲ್ಲಿ ಜಪಾನಿನಲ್ಲಿ ಉಚಿತ ವೈಫೈ ತೆರೆಯುತ್ತಾರೆ. ಹೆಸರು ಐದು ಸೊನ್ನೆಯಿಂದ ಶುರುವಾಗಿ ಜಪಾನ್ ಎಂದು ಮುಗಿಯುತ್ತದೆ. ಪಾಸ್‌ವರ್ಡ್ ಇಲ್ಲದ ಜಾಲ ಅದು, ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಪೊಲೀಸ್ 110, ಬೆಂಕಿ ಮತ್ತು ಆಂಬುಲೆನ್ಸ್ 119. ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಮಾತಾಡುವ 24 ಗಂಟೆಯ ಸಹಾಯವಾಣಿ 050-3816-2787. ಟೋಕಿಯೊದಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಒಸಾಕಾದಲ್ಲಿ ಕಾನ್ಸುಲೇಟ್. ಅವುಗಳ ತುರ್ತು ನಂಬರನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನೊಳಗೆ ಇಡಿ.

ಹಂತ 8: ಮುಂದಿನ ಮೂರು ದಿನ

ದೊಡ್ಡದು ಬಂದು ಹೋಯಿತು, ಇನ್ನು ಬರುವುದೆಲ್ಲ ಚಿಕ್ಕದು ಎಂಬ ನಂಬಿಕೆ ಜೀವ ತೆಗೆಯುತ್ತದೆ. ಕುಮಾಮೊಟೊದಲ್ಲಿ 2016ರ ಏಪ್ರಿಲ್ 14ರ ರಾತ್ರಿ 6.5 ಮ್ಯಾಗ್ನಿಟ್ಯೂಡ್ ಭೂಕಂಪವಾಯಿತು. ಸುಮಾರು 28 ಗಂಟೆಯ ನಂತರ, 16ರ ನಸುಕಿನಲ್ಲಿ, ಅದಕ್ಕಿಂತ ದೊಡ್ಡದಾದ 7.3 ಬಂತು. ಮುಗಿಯಿತೆಂದು ಮನೆಗೆ ವಾಪಸಾಗಿ ಮಲಗಿದ್ದವರೂ ಸತ್ತರು. ಬಿರುಕು ಬಿಟ್ಟ ಕಟ್ಟಡಕ್ಕೆ ಪಾಸ್‌ಪೋರ್ಟ್ ತರಲೆಂದೂ ಹೋಗಬೇಡಿ. ಕಳೆದರೆ ಬೇರೆ ಮಾಡಿಸಬಹುದು.

ರೈಲು ನಿಂತಾಗ ಜನಜಂಗುಳಿಯಲ್ಲಿ ಮೈಲಿಗಟ್ಟಲೆ ನಡೆಯುವ ಬದಲು ಕ್ಷೇಮವಾದ ಕಡೆ ಅಲ್ಲೇ ಉಳಿಯಿರಿ. ಆಶ್ರಯ ಕೇಂದ್ರಕ್ಕೆ ಪ್ರವಾಸಿಗರೂ ಹೋಗಬಹುದು. ಸಾಲಿನಲ್ಲಿ ನಿಲ್ಲಿ, ಶೂ ಬಿಚ್ಚುವ ಜಾಗದಲ್ಲಿ ಬಿಚ್ಚಿ. ಅಲ್ಲಿ ಕೊಡುವ ಅನ್ನದ ಉಂಡೆಯೊಳಗೆ ಮೀನಿರಬಹುದು, ಸಾರಿನಲ್ಲೂ ಮೀನಿನ ರಸ ಇರುತ್ತದೆ. ನಿಮ್ಮ ಅವಲಕ್ಕಿ ಕೆಲಸಕ್ಕೆ ಬರುವುದು ಆಗ. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ನೀರು ಎಂದು ಲೆಕ್ಕ ಇಡಿ.

"ಇಂಥ ದಿನ, ಇಷ್ಟು ಗಂಟೆಗೆ ಮತ್ತೆ ಭೂಕಂಪ" ಎಂಬ ಫಾರ್ವರ್ಡ್ ಬಂದೇ ಬರುತ್ತದೆ. ದಿನ, ಗಂಟೆ ಹೇಳುವ ಶಕ್ತಿ ಯಾವ ವಿಜ್ಞಾನಿಗೂ ಇಲ್ಲ. ಅಲ್ಲಿನ ಹವಾಮಾನ ಇಲಾಖೆ ಕೊಡುವ ಸೂಚನೆ ಬೇರೆ ರೀತಿಯದು. 2024ರ ಆಗಸ್ಟ್ 8ರ ಭೂಕಂಪದ ನಂತರ, ಜಪಾನಿನ ದಕ್ಷಿಣ ತೀರದಾಚೆ ಸಮುದ್ರದಡಿಯಲ್ಲಿರುವ ನಂಕಾಯ್ ಕಂದಕದಲ್ಲಿ ದೊಡ್ಡ ಭೂಕಂಪದ ಸಾಧ್ಯತೆ ಮಾಮೂಲಿಗಿಂತ ಹೆಚ್ಚಿದೆ ಎಂದು ಒಂದು ವಾರ ಎಚ್ಚರಿಸಿತು. ಅಂಥ ಸೂಚನೆ ಬಂದರೆ ಪ್ರವಾಸ ರದ್ದು ಮಾಡಲೇಬೇಕು ಎಂದಿಲ್ಲ. ಶೂ, ಟಾರ್ಚ್, ಎತ್ತರದ ದಾರಿ ಮತ್ತೆ ನೋಡಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಆ ವಾರ ದಂಡೆಯ ಊರು ಬಿಟ್ಟು ಒಳನಾಡಿಗೆ ಹೋಗಿ ಎಂಬುದು ನನ್ನ ಸಲಹೆ.

ನೇಪಾಳ, ಬಾಲಿಗೆ ಹೋಗುವವರಿಗೆ

ನೇಪಾಳದಲ್ಲಿ ಒಂದು ದೊಡ್ಡ ವ್ಯತ್ಯಾಸ ಕಟ್ಟಡ. ಮಣ್ಣಿನ ಗಾರೆಯ ಕಲ್ಲು-ಇಟ್ಟಿಗೆ ಮನೆಗಳು ಹಳ್ಳಿಗಳಲ್ಲಿ, ಟ್ರೆಕ್ಕಿಂಗ್ ದಾರಿಯಲ್ಲಿ ಇನ್ನೂ ಇವೆ. ಅಂಥ ಮನೆಯ ನೆಲಮಹಡಿಯಲ್ಲಿ ಬಾಗಿಲ ಪಕ್ಕದಲ್ಲೇ ಇದ್ದು, ಹೊರಗೆ ಬಯಲು ಇದ್ದರೆ ಮಾತ್ರ ತಕ್ಷಣ ಹೊರಗೆ ಹೋಗುವುದು ಸರಿ. ಕಾಂಕ್ರೀಟ್ ಹೋಟೆಲಿನಲ್ಲಿ ಹಂತ 4ನ್ನೇ ಪಾಲಿಸಿ. ಬೆಟ್ಟದ ದಾರಿಯಲ್ಲಿದ್ದರೆ ಮೇಲಿನಿಂದ ಬರುವ ಕಲ್ಲುಗಳನ್ನು ಗಮನಿಸಿ, ಇಳಿಜಾರಿನ ಬುಡದಿಂದ ದೂರ ಹೋಗಿ. 2015ರಲ್ಲಿ ಏಪ್ರಿಲ್ 25ರ 7.8ರ ಭೂಕಂಪದ ನಂತರ ಮೇ 12ರಂದು 7.3ರ ಮರುಕಂಪನ ಬಂತು. ಅಂದರೆ ವಾರಗಳ ನಂತರವೂ ಬಿರುಕು ಬಿಟ್ಟ ಲಾಡ್ಜಿನಲ್ಲಿ ಮಲಗಬಾರದು. ಪೊಲೀಸ್ 100, ಆಂಬುಲೆನ್ಸ್ 102.

ಬಾಲಿ, ಲೊಂಬೊಕ್‌ಗಳಲ್ಲಿ ಜಪಾನಿನ ಹಾಗೆ ಅಲುಗುವ ಮುಂಚೆ ಫೋನು ಕೂಗುತ್ತದೆ ಎಂದು ಕಾಯಬೇಡಿ. 'ಇನ್ಫೊ ಬಿಎಂಕೆಜಿ' ಎಂಬುದು ಅಲ್ಲಿನ ಹವಾಮಾನ ಇಲಾಖೆಯ ಆಪ್, ಹಾಕಿಕೊಳ್ಳಿ. 2018ರ ಸೆಪ್ಟೆಂಬರ್ 28ರಂದು ಸುಲಾವೆಸಿಯ ಪಾಲುವಿನಲ್ಲಿ ಸುನಾಮಿ ನಿಮಿಷಗಳಲ್ಲೇ ದಂಡೆಗೆ ಬಂತು. ಕಡಲ ಪಕ್ಕದ ವಿಲ್ಲಾದಲ್ಲಿ ಇಳಿದ ದಿನವೇ ಎತ್ತರಕ್ಕೆ ಹೋಗುವ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಹಗಲಲ್ಲಿ ಒಮ್ಮೆ, ಸಾಧ್ಯವಾದರೆ ಕತ್ತಲಲ್ಲಿ ಟಾರ್ಚ್ ಹಿಡಿದು ಇನ್ನೊಮ್ಮೆ. ಅಲ್ಲಿ ತುರ್ತು ಕರೆಗೆ 112. ಬಾಲಿಯಲ್ಲೇ ಭಾರತದ ಕಾನ್ಸುಲೇಟ್ ಇದೆ, ಅದರ ನಂಬರೂ ಪಾಸ್‌ಪೋರ್ಟಿನೊಳಗಿನ ಕಾಗದದಲ್ಲಿ ಇರಲಿ.